ದೊಡ್ಡ ಟೈರ್ ಹಾಕಿದ ಮೇಲೆ ಹಿಂದಿನ ಆಕ್ಸಲ್: ಏನು ಬದಲಿಸಬೇಕು, ಹೇಗೆ ಬದಲಿಸಬೇಕು

ಆಫ್‌ರೋಡ್ ಗಾಡಿಗೆ ಎತ್ತರದ ಟೈರ್ ಹಾಕಿಸಿದವರೆಲ್ಲ ಸ್ವಲ್ಪ ದಿನದಲ್ಲೇ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಟಾಪ್ ಗೇರ್‌ನಲ್ಲಿ ಗಾಡಿ ಎಳೆಯುತ್ತಿಲ್ಲ, ಏರು ಬಂದರೆ ಕ್ಲಚ್ ವಾಸನೆ ಹೊಡೆಯುತ್ತದೆ, ಬಂಡೆ ಹತ್ತಿಸುವಾಗ ಹಿಂದಿನಿಂದ ಟಕ್ ಅನ್ನುತ್ತದೆ. ಈಗ ಹಿಂದಿನ ಆಕ್ಸಲ್‌ಗೆ ಏನು ಮಾಡಬೇಕು?

ದಾರಿ ಎರಡು. ಒಂದು, ಇರುವ ಆಕ್ಸಲ್ ಒಳಗೇ ಕ್ರೌನ್-ಪಿನಿಯನ್ (ಇಂಜಿನ್ ಬಲವನ್ನು ಚಕ್ರಗಳ ಕಡೆಗೆ ತಿರುಗಿಸುವ ದೊಡ್ಡ-ಚಿಕ್ಕ ಗೇರ್ ಜೋಡಿ), ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ), ಗಟ್ಟಿ ಶಾಫ್ಟ್ ಹಾಕುವುದು. ಇನ್ನೊಂದು, ಇಡೀ ಆಕ್ಸಲ್ ಕಿತ್ತು ಬೇರೆ ದೊಡ್ಡದನ್ನು ಕೂರಿಸುವುದು. ಎರಡರಲ್ಲಿ ಯಾವುದು ಮಾಡಿದರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಅಳತೆ ಮುಗಿದಿರಬೇಕು. ಈ ಕೆಲಸದಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ಕೆಲಸ ಗೊತ್ತಿಲ್ಲದೆ ಅಲ್ಲ, ಅಳೆಯದೆ ಪಾರ್ಟ್ಸ್ ತಂದು. ಇಲ್ಲಿ ಹೇಳುತ್ತಿರುವುದು ಎರಡೂ ಚಕ್ರ ಒಂದೇ ಹೌಸಿಂಗ್‌ನಲ್ಲಿರುವ ಸಾಲಿಡ್ ಆಕ್ಸಲ್ ಬಗ್ಗೆ. ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಗಾಡಿಯ ಕತೆ ಬೇರೆ.

ನಿಮ್ಮ ಗಾಡಿಯಲ್ಲಿ ಏನಿದೆ?

ಗಾಡಿ ಕೆಳಗೆ ಹೋಗಿ ನೋಡಿ. ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಡಿಫ್ (ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್) ಕವರಿನ ಬೋಲ್ಟ್‌ಗೆ ಸಿಕ್ಕಿಸಿದ ಸಣ್ಣ ತಗಡಿನ ಟ್ಯಾಗ್ ಇರಬಹುದು, ಅದರಲ್ಲಿ 41-10 ಅಥವಾ 3.73 ಅಂತ ಇರುತ್ತದೆ. 41-10 ಅಂದರೆ ಕ್ರೌನ್ ವೀಲ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು, ರೇಶಿಯೋ 4.10, ಪಿನಿಯನ್ 4.10 ಸುತ್ತು ತಿರುಗಿದರೆ ಕ್ರೌನ್ ವೀಲ್ ಒಂದು ಸುತ್ತು. ಆದರೆ ಹಳೆ ಗಾಡಿಯಲ್ಲಿ ಟ್ಯಾಗ್ ನಂಬಬೇಡಿ. ನಿಮಗಿಂತ ಮುಂಚೆ ಇಟ್ಟುಕೊಂಡಿದ್ದವರು ಒಳಗಿನದ್ದು ಬದಲಿಸಿ ಟ್ಯಾಗ್ ಹಾಗೇ ಬಿಟ್ಟಿರಬಹುದು.

ನೀವೇ ಪರೀಕ್ಷೆ ಮಾಡುವುದು ಸುಲಭ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ. ಲಾಕರ್ ಇಲ್ಲದ ಓಪನ್ ಡಿಫ್ ಆದರೆ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ (ಮುಂದಿನಿಂದ ಪಿನಿಯನ್‌ಗೆ ಬಲ ತರುವ ಉದ್ದ ಶಾಫ್ಟ್) ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ನಾಲ್ಕು ಸುತ್ತು ದಾಟಿ ಸ್ವಲ್ಪ ಬಂತು ಅಂದರೆ 4.10. ನಾಲ್ಕಕ್ಕೆ ಇನ್ನೂ ಕಾಲು ಸುತ್ತು ಕಡಿಮೆ ಅಂದರೆ 3.73. ಶಾಫ್ಟ್ ಮೇಲೆ ಚಾಕ್‌ಪೀಸ್‌ನಲ್ಲಿ ಒಂದು ಗೆರೆ ಹಾಕಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಇನ್ನು ಗಟ್ಟಿತನ. ಜೀಪ್ ಮಂದಿಗೆ ಗೊತ್ತಿರುವ ಮೂರು ಆಕ್ಸಲ್ ಹೆಸರು ತೆಗೆದುಕೊಳ್ಳೋಣ. ಡಾನಾ 35ರ ಕ್ರೌನ್ ವೀಲ್ ಸುಮಾರು 7.5 ಇಂಚು, ಶಾಫ್ಟ್ 27 ಸ್ಪ್ಲೈನ್ (ಶಾಫ್ಟ್ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲು). ಡಾನಾ 44ರದ್ದು 8.5 ಇಂಚು, 30 ಸ್ಪ್ಲೈನ್. ಫೋರ್ಡ್ ಎಕ್ಸ್‌ಪ್ಲೋರರ್‌ನಿಂದ ಬರುವ 8.8 ಹೆಸರೇ ಹೇಳುವಂತೆ 8.8 ಇಂಚು, 31 ಸ್ಪ್ಲೈನ್. ಶಾಫ್ಟ್ ತಿರುಚುವ ಬಲವನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಸ್ಪ್ಲೈನಿನ ಸುಮಾರು 1.31 ಇಂಚಿನ ಶಾಫ್ಟ್ ತೆಗೆದು 35 ಸ್ಪ್ಲೈನಿನ 1.5 ಇಂಚಿನದ್ದು ಹಾಕಿದರೆ, ಅದೇ ಉಕ್ಕಿನಲ್ಲೇ ಹೆಚ್ಚುಕಡಿಮೆ ಒಂದೂವರೆ ಪಟ್ಟು ಶಕ್ತಿ. ಕಣ್ಣಿಗೆ ಕಾಣುವ ವ್ಯತ್ಯಾಸ ಮಾತ್ರ ಐದು ಮಿಲಿಮೀಟರ್ ಕೂಡ ಇಲ್ಲ.

ನನ್ನ ಲೆಕ್ಕ ಹೀಗೆ. 31 ಇಂಚಿನ ಟೈರ್‌ವರೆಗೆ ಚಿಕ್ಕ ಆಕ್ಸಲ್ ಸಾಕು. 33 ಇಂಚು ಮತ್ತು ಲಾಕರ್ ಎರಡೂ ಬೇಕು ಅನ್ನುವವರು ಡಾನಾ 35ರಂಥ ಆಕ್ಸಲ್ ಒಳಗೆ ದುಬಾರಿ ಗೇರ್ ಸೆಟ್ ಹಾಕಬೇಡಿ, ಆ ದುಡ್ಡಿನಲ್ಲಿ ದೊಡ್ಡ ಆಕ್ಸಲ್ ಹುಡುಕಿ. ಆಮೇಲೆ ಆಕ್ಸಲ್ ಬದಲಾದರೆ ಈ ಗೇರ್ ಅಲ್ಲಿಗೆ ಕೂರುವುದಿಲ್ಲ, ಎರಡು ಸಲ ಖರ್ಚು.

ರೇಶಿಯೋ ಎಷ್ಟು ಬೇಕು?

ಹೊಸ ಟೈರಿನ ಎತ್ತರವನ್ನು ಹಳೆ ಟೈರಿನ ಎತ್ತರದಿಂದ ಭಾಗಿಸಿ, ಹಳೆ ರೇಶಿಯೋದಿಂದ ಗುಣಿಸಿ. 29 ಇಂಚಿನ ಟೈರ್, 3.73 ರೇಶಿಯೋ ಇದ್ದ ಗಾಡಿಗೆ 33 ಹಾಕಿದರೆ ಉತ್ತರ 4.24. ಅಂಥ ಗೇರ್ ಸೆಟ್ ಅಂಗಡಿಯಲ್ಲಿ ಇರುವುದಿಲ್ಲ, 4.10 ಅಥವಾ 4.56 ಆರಿಸಬೇಕು. ಈ ಎರಡರಲ್ಲಿ ನಾನು ಹೆಚ್ಚಿನವರಿಗೆ ಹೇಳುವುದು 4.56. ಯಾಕೆಂದರೆ ದೊಡ್ಡ ಟೈರ್ ಎತ್ತರ ಮಾತ್ರ ಅಲ್ಲ, ತೂಕವೂ ಜಾಸ್ತಿ. ಜೊತೆಗೆ ಬಂಪರ್, ವಿಂಚ್ ಎಲ್ಲ ಸೇರಿ ಗಾಡಿಯೂ ಭಾರವಾಗಿರುತ್ತದೆ. ಸುಮ್ನೆ ಹೆದ್ದಾರಿಯಲ್ಲೇ ಓಡಿಸುವವರಾದರೆ 4.10 ಸಾಕು.

ಹಾಗಂತ ಸಂಖ್ಯೆ ಎಷ್ಟು ಏರಿಸಿದರೂ ಒಳ್ಳೆಯದು ಅಂದುಕೊಳ್ಳಬೇಡಿ. ರೇಶಿಯೋ ಏರಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಒಂದೇ ಸಲ ಕಚ್ಚಿಕೊಂಡಿರುವ ಹಲ್ಲು ಕಡಿಮೆಯಾಗುತ್ತದೆ. ಚಿಕ್ಕ ಆಕ್ಸಲ್‌ನಲ್ಲಿ 4.88ರ ಮೇಲೆ ಹೋದರೆ ಪಿನಿಯನ್ನೇ ದುರ್ಬಲ ಜಾಗವಾಗುತ್ತದೆ.

ಇನ್ನೆರಡು ಮಾತು ಇಲ್ಲೇ ಹೇಳಬೇಕು. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಹಿಂದಿನ ರೇಶಿಯೋ ಬದಲಿಸಿದರೆ ಮುಂದಿನದ್ದೂ ಬದಲಿಸಲೇಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗತಿ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್ ಎರಡಕ್ಕೂ ಬಲ ಹಂಚುವ ಪೆಟ್ಟಿಗೆ) ಸೀಳುತ್ತದೆ. 4.10 ಮತ್ತು 4.11ರಷ್ಟು ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಎರಡನೆಯದು ಕ್ಯಾರಿಯರ್. ಕ್ರೌನ್ ವೀಲ್ ಕೂರುವ ಆ ಗೂಡು ಎಲ್ಲ ರೇಶಿಯೋಗೂ ಒಂದೇ ಅಲ್ಲ. ಡಾನಾ 44ರಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಡಾನಾ 35ರಲ್ಲಿ ಈ ಗಡಿ 3.31 ಮತ್ತು 3.54ರ ನಡುವೆ ಬರುತ್ತದೆ. ಫೋರ್ಡ್ 8.8ಕ್ಕೆ ಈ ತಲೆನೋವೇ ಇಲ್ಲ. ಗಡಿ ದಾಟುವುದಾದರೆ ಹೊಸ ಕ್ಯಾರಿಯರ್ ಹೇಗೂ ಬೇಕು, ಹಾಗಿದ್ದ ಮೇಲೆ ಲಾಕರನ್ನೇ ಕೊಂಡುಬಿಡುವುದು ಜಾಣತನ ಅಲ್ವಾ?

ಲಾಕರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಓಪನ್ ಡಿಫ್ ಎರಡೂ ಚಕ್ರಕ್ಕೆ ಸಮಾನ ಬಲ ಕೊಡುತ್ತದೆ, ಹಾಗಾಗಿ ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಲಿಮಿಟೆಡ್ ಸ್ಲಿಪ್ ಡಿಫ್ ಕ್ಲಚ್ ಪ್ಲೇಟ್‌ಗಳ ಘರ್ಷಣೆಯಿಂದ ಸ್ವಲ್ಪ ಸಹಾಯ ಮಾಡುತ್ತದೆ, ಕಾಲ ಕಳೆದಂತೆ ಪ್ಲೇಟ್ ಸವೆಯುತ್ತದೆ. ತಾನಾಗಿ ಲಾಕ್ ಆಗುವ ಲಾಕರ್ ಗಟ್ಟಿ, ಆದರೆ ರಸ್ತೆ ತಿರುವಿನಲ್ಲಿ ಟಕಟಕ ಅನ್ನುತ್ತದೆ, ಕೆಲವೊಮ್ಮೆ ಗಾಡಿ ನೇರಕ್ಕೆ ತಳ್ಳುತ್ತದೆ. ಗಾಳಿಯಿಂದ ನಡೆಯುವ ಎಆರ್‌ಬಿ ಲಾಕರ್ ಅಥವಾ ಸ್ವಿಚ್ ಒತ್ತಿದರೆ ಲಾಕ್ ಆಗುವ ವಿದ್ಯುತ್ ಲಾಕರ್ ದುಬಾರಿ, ರಸ್ತೆಗೂ ಕಾಡಿಗೂ ಒಂದೇ ಗಾಡಿ ಇರುವವರಿಗೆ ಅದೇ ಸರಿ. ಆದರೆ ನೆನಪಿಡಿ, ಲಾಕ್ ಆದಾಗ ಒಂದೇ ಚಕ್ರಕ್ಕೆ ಹಿಡಿತ ಸಿಕ್ಕರೆ ಪೂರ್ತಿ ಬಲ ಒಂದೇ ಶಾಫ್ಟ್ ಮೇಲೆ ಬೀಳುತ್ತದೆ. ಲಾಕರ್ ಹಾಕಿದ ಮೇಲೆ ಶಾಫ್ಟ್ ಮುರಿಯುವುದು ಹೀಗೆ.

ಇಡೀ ಆಕ್ಸಲ್ ಬದಲಿಸುವವರು ಅಳೆಯಬೇಕಾದ್ದು

ಅಗಲ ಅಳೆಯುವಾಗ ಒಂದು ಬದಿಯ ಚಕ್ರ ಕೂರುವ ಮೇಲ್ಮೈಯಿಂದ ಇನ್ನೊಂದು ಬದಿಯ ಚಕ್ರ ಕೂರುವ ಮೇಲ್ಮೈವರೆಗೆ ಅಳೆಯಿರಿ. ಡ್ರಮ್ ಅಂಚಿನಿಂದ ಅಂಚಿಗೆ ಅಲ್ಲ. ಹೊಸ ಆಕ್ಸಲ್ ಒಂದಿಂಚು ಆಚೀಚೆ ಇದ್ದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ಆಫ್‌ಸೆಟ್‌ನ ರಿಮ್ ಬೇಕಾಗುತ್ತದೆ.

ವೀಲ್ ಬೋಲ್ಟ್ ಅಳತೆ ಮುಂದಿನದ್ದಕ್ಕೆ ಸರಿಹೊಂದಬೇಕು, ಇಲ್ಲದಿದ್ದರೆ ಸ್ಟೆಪ್ನಿ ಎರಡು ಇಟ್ಟುಕೊಂಡು ಓಡಾಡಬೇಕಾಗುತ್ತದೆ. ಜೀಪ್ ರಾಂಗ್ಲರ್ ಟಿಜೆ, ಚೆರೋಕಿ ಎಕ್ಸ್‌ಜೆ ಮಂದಿ ಎಕ್ಸ್‌ಪ್ಲೋರರ್ 8.8ರ ಹಿಂದೆ ಬೀಳಲು ಮುಖ್ಯ ಕಾರಣ ಇದೇ. ಎರಡರಲ್ಲೂ ಐದು ಬೋಲ್ಟ್, 4.5 ಇಂಚಿನ ವೃತ್ತ, ಅಂದರೆ 114.3 ಮಿ.ಮೀ. ಅಗಲವೂ ಹತ್ತಿರ ಹತ್ತಿರ. ಜೊತೆಗೆ 1995ರ ನಂತರದ ಎಕ್ಸ್‌ಪ್ಲೋರರ್‌ನಲ್ಲಿ ಹಿಂದೆ ಡಿಸ್ಕ್ ಬ್ರೇಕ್ ಬರುತ್ತದೆ. ಆದರೆ ಅದರ ಪಿನಿಯನ್ ಸರಿಯಾಗಿ ನಡುವೆ ಇಲ್ಲ, ಸ್ವಲ್ಪ ಒಂದು ಬದಿಗಿದೆ. ಪ್ರೊಪೆಲ್ಲರ್ ಶಾಫ್ಟ್ ಪಕ್ಕಕ್ಕೆ ಓರೆಯಾಗುತ್ತದೆ ಅನ್ನುವುದು ನೋಡಿಕೊಳ್ಳಬೇಕು. ಇನ್ನೊಂದು, ಅದರ ಪಿನಿಯನ್ ತುದಿಯಲ್ಲಿ ದುಂಡನೆಯ ಫ್ಲೇಂಜ್ ಇದೆ, ಜೀಪಿನ ಯು-ಜಾಯಿಂಟ್ (ಪ್ರೊಪೆಲ್ಲರ್ ಶಾಫ್ಟ್ ತುದಿಯ ಮಡಚುವ ಕೀಲು) ಅಲ್ಲಿಗೆ ನೇರವಾಗಿ ಕೂರುವುದಿಲ್ಲ, ಅಡಾಪ್ಟರ್ ಅಥವಾ ಆ ಕೀಲನ್ನು ಹಿಡಿಯುವ ಬೇರೆ ಯೋಕ್ ಬೇಕು.

ಅಳತೆಯ ಪಟ್ಟಿಯಲ್ಲಿ ಇನ್ನೂ ಇವೆ: ಲೀಫ್ ಸ್ಪ್ರಿಂಗ್ ಆದರೆ ಪಟ್ಟೆಗಳ ನಡುವಿನ ಅಂತರ, ಕಾಯಿಲ್ ಆದರೆ ಲಿಂಕ್ ಬ್ರ್ಯಾಕೆಟ್‌ಗಳು, ಟ್ಯೂಬಿನ ಹೊರವ್ಯಾಸ, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಹ್ಯಾಂಡ್‌ಬ್ರೇಕ್ ಕೇಬಲ್‌ನ ಉದ್ದ, ಎಬಿಎಸ್ ಸೆನ್ಸರ್ ರಿಂಗ್‌ನ ಹಲ್ಲಿನ ಸಂಖ್ಯೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಹಲ್ಲಿನ ಸಂಖ್ಯೆ ಬೇರೆಯಾದರೆ ಗಾಡಿಯ ಕಂಪ್ಯೂಟರ್‌ಗೆ ಹಿಂದಿನ ಚಕ್ರ ಬೇರೆ ವೇಗದಲ್ಲಿ ತಿರುಗುತ್ತಿದೆ ಅಂತ ಅನ್ನಿಸಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ.

ಇಂಥ ಬದಲಾವಣೆಗೆ ನಿಮ್ಮಲ್ಲಿ ವಾಹನ ನಿಯಮದ ಅನುಮತಿ ಬೇಕಾ, ವಿಮೆಯವರಿಗೆ ತಿಳಿಸಬೇಕಾ ಅನ್ನುವುದನ್ನೂ ಈ ಹಂತದಲ್ಲೇ ವಿಚಾರಿಸಿ. ವೆಲ್ಡ್ ಮಾಡಿದ ಮೇಲೆ ವಿಚಾರಿಸಿ ಏನು ಪ್ರಯೋಜನ?

ಬಿಚ್ಚುವುದು

ಸ್ಟ್ಯಾಂಡ್‌ಗಳು ಚಾಸಿಸ್ ಕೆಳಗೆ ಇರಬೇಕು, ಆಕ್ಸಲ್ ಕೆಳಗೆ ಅಲ್ಲ, ಯಾಕೆಂದರೆ ಕಳಚುತ್ತಿರುವುದೇ ಆಕ್ಸಲ್. ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣದಿಂದ ಗಾಡಿಯನ್ನು ಗೇರ್‌ನಲ್ಲಿ ಹಾಕಿದ್ದೀನಿ, ಪಾರ್ಕ್‌ನಲ್ಲಿ ಹಾಕಿದ್ದೀನಿ ಅನ್ನುವುದಕ್ಕೆ ಅರ್ಥವಿಲ್ಲ, ಹಿಂದಿನ ಚಕ್ರಕ್ಕೆ ಅದು ತಲುಪುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಕೂಡ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೇ ಇರುವುದು, ಆ ಚಕ್ರ ಗಾಳಿಯಲ್ಲಿರುವಾಗ ಅದೂ ಹೋಯಿತು.

ಎಣ್ಣೆ ಇಳಿಸಿ. ಕವರ್ ತೆಗೆದಾಗ ತಳದಲ್ಲಿ ಏನು ಬಿದ್ದಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ಇದ್ದರೆ ಸಾಮಾನ್ಯ ಸವೆತ. ಚೂರು, ಸೂಜಿಯಂಥ ತುಣುಕು ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ. ಎಣ್ಣೆ ಹಾಲಿನಂತಿದ್ದರೆ ನೀರು ಸೇರಿದೆ.

ಆಕ್ಸಲ್ ಶಾಫ್ಟ್ ಹೊರಗೆ ಬರುವ ದಾರಿ ಎರಡು ತರ. ಕೆಲವಕ್ಕೆ ಹೊರತುದಿಯಲ್ಲಿ ನಾಲ್ಕು ನಟ್ ಬಿಚ್ಚಿದರೆ ಬೇರಿಂಗ್ ಸಮೇತ ಶಾಫ್ಟ್ ಎಳೆದುಕೊಂಡು ಬರುತ್ತದೆ. ಜೀಪುಗಳ ಹಿಂದಿನ ಡಾನಾ 44 ಸಾಮಾನ್ಯವಾಗಿ ಹೀಗಿರುತ್ತದೆ. ಫೋರ್ಡ್ 8.8 ಮತ್ತು ಡಾನಾ 35ರಲ್ಲಿ ಹೆಚ್ಚಿನವಕ್ಕೆ ಸಿ-ಕ್ಲಿಪ್. ಇವುಗಳಲ್ಲಿ ಡಿಫ್ ಒಳಗಿನ ಕ್ರಾಸ್ ಪಿನ್‌ನ ಸಣ್ಣ ಬೋಲ್ಟ್ ಬಿಚ್ಚಿ, ಪಿನ್ ಎಳೆದು, ಶಾಫ್ಟನ್ನು ಒಳಕ್ಕೆ ತಳ್ಳಿದರೆ ತುದಿಯ ಕ್ಲಿಪ್ ಕೆಳಗೆ ಬೀಳುತ್ತದೆ. ಆಮೇಲೆ ಶಾಫ್ಟ್ ಹೊರಗೆ. ಪಿನ್ ತೆಗೆದ ಮೇಲೆ ಕ್ಯಾರಿಯರ್ ತಿರುಗಿಸಬೇಡಿ, ಒಳಗಿನ ಸಣ್ಣ ಗೇರ್‌ಗಳು ಜಾರಿ ಬೀಳುತ್ತವೆ.

ಸಿ-ಕ್ಲಿಪ್ ಆಕ್ಸಲ್‌ನ ದೊಡ್ಡ ದೋಷ, ಶಾಫ್ಟ್ ಮುರಿದರೆ ಚಕ್ರವನ್ನು ಒಳಗೆ ಹಿಡಿದಿಡಲು ಏನೂ ಉಳಿಯುವುದಿಲ್ಲ. ಬ್ರೇಕ್ ಸಮೇತ ಚಕ್ರ ಹೊರಗೆ ಸರಿಯುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಸ್ವಲ್ಪ ಹೊತ್ತು ತಡೆದೀತು, ಅದನ್ನೇ ನಂಬಿಕೊಂಡು ಕೂರುವಂತಿಲ್ಲ. ಇದಕ್ಕೆ ಸಿ-ಕ್ಲಿಪ್ ತೆಗೆದು ಹೊರಗಿನಿಂದ ಶಾಫ್ಟ್ ಹಿಡಿಯುವ ಕಿಟ್ ಸಿಗುತ್ತದೆ. 35 ಇಂಚಿನ ಟೈರ್ ಇಟ್ಟು ಬಂಡೆ ಮೇಲೆ ಓಡಿಸುವವರು ಅದರ ಬಗ್ಗೆ ಯೋಚಿಸಲೇಬೇಕು.

ಕ್ಯಾರಿಯರ್ ತೆಗೆಯುವ ಮುಂಚೆ ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು ಹಾಕಿ. ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಆ ಕ್ಯಾಪ್‌ಗಳನ್ನು ಹೌಸಿಂಗ್ ಜೊತೆಗೇ ಕೊರೆದಿರುತ್ತಾರೆ, ಅದಲು ಬದಲಾದರೆ ಅಥವಾ ತಲೆಕೆಳಗಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಹೊರಬಂದ ಶಿಮ್‌ಗಳನ್ನೂ (ಅಂತರ ಹೊಂದಿಸುವ ತೆಳು ತಗಡಿನ ಬಿಲ್ಲೆಗಳು) ಯಾವ ಬದಿಯದ್ದು ಅಂತ ಬರೆದು, ಮೈಕ್ರೋಮೀಟರ್‌ನಲ್ಲಿ ಅಳೆದು, ಬೇರೆ ಬೇರೆ ಕವರ್‌ನಲ್ಲಿ ಇಡಿ.

ಕ್ರೌನ್-ಪಿನಿಯನ್ ಕೂರಿಸುವುದು

ನಿಜವಾದ ಕೆಲಸ ಇದು. ಬಾಕಿ ಎಲ್ಲ ಬೋಲ್ಟ್ ಬಿಚ್ಚಿ ಹಾಕುವುದು. ಬೇಕಾದ ಸಾಮಾನು: ಡಯಲ್ ಗೇಜ್, ಹೈಡ್ರಾಲಿಕ್ ಪ್ರೆಸ್, ಬೇರಿಂಗ್ ಪುಲ್ಲರ್, ಒಂದು ದೊಡ್ಡ ಟಾರ್ಕ್ ರೆಂಚ್, ಸಣ್ಣ ಬಲ ಅಳೆಯುವ ಸೂಜಿ ಇರುವ ಇನ್ನೊಂದು ಟಾರ್ಕ್ ರೆಂಚ್, ಹಲ್ಲಿಗೆ ಹಚ್ಚುವ ಹಳದಿ ಪೇಸ್ಟ್. ಇಷ್ಟು ಇಲ್ಲದೆ ಶುರು ಮಾಡಬೇಡಿ. ಕೈಯಲ್ಲಿ ಆಡಿಸಿ 'ಸರಿ ಇದೆ' ಅನ್ನುವ ಮೆಕ್ಯಾನಿಕ್ ಹತ್ತಿರ ಕೂಡ ಈ ಕೆಲಸ ಮಾಡಿಸಬೇಡಿ.

ಮೊದಲು ಕ್ರೌನ್ ವೀಲ್. ಕ್ಯಾರಿಯರ್‌ನ ಕೂರುವ ಜಾಗದಲ್ಲಿ ಸಣ್ಣ ಉಬ್ಬು, ಕೊಳೆ ಇದ್ದರೆ ನಯವಾದ ಅರದಿಂದ ತೆಗೆದು, ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಕ್ರೌನ್ ವೀಲನ್ನು ಬಿಸಿನೀರಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಒಣಗಿಸಿ ಇಟ್ಟರೆ ತಾನೇ ಕೂರುತ್ತದೆ. ಹೊಸ ಬೋಲ್ಟ್ ಹಾಕಿ, ಕೆಂಪು ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಎದುರುಬದುರಾಗಿ ಬಿಗಿ ಮಾಡಿ. ಬೋಲ್ಟ್ ತಲೆ ಮೇಲೆ ಎಡ ಮರೆಯ (ಎಡಕ್ಕೆ ತಿರುಗಿಸಿ ಬಿಗಿ ಮಾಡುವ) ಗುರುತು ಇದೆಯಾ ನೋಡಿಕೊಳ್ಳಿ, ಕೆಲವು ಆಕ್ಸಲ್‌ನಲ್ಲಿ ಇರುತ್ತದೆ. ಟಾರ್ಕ್ ಎಷ್ಟು ಅನ್ನುವುದು ನಿಮ್ಮ ಆಕ್ಸಲ್‌ನ ಮ್ಯಾನುಯಲ್‌ನಲ್ಲಿ ಇರುವುದೇ ಸರಿ.

ಆಮೇಲೆ ಪಿನಿಯನ್ ಆಳ. ಪಿನಿಯನ್ ಕ್ರೌನ್ ವೀಲ್‌ಗೆ ಎಷ್ಟು ಹತ್ತಿರ ಇರಬೇಕು ಅನ್ನುವುದನ್ನು ಅದರ ಒಳ ಬೇರಿಂಗ್ ಹತ್ತಿರದ ಶಿಮ್ ನಿರ್ಧರಿಸುತ್ತದೆ. ಹಳೆ ಶಿಮ್‌ನಿಂದಲೇ ಶುರು ಮಾಡಿ. ಶಿಮ್ ಹೆಚ್ಚಿಸಿದರೆ ಪಿನಿಯನ್ ಕ್ರೌನ್ ಕಡೆಗೆ ಹೋಗುತ್ತದೆ, ಕಡಿಮೆ ಮಾಡಿದರೆ ದೂರ ಸರಿಯುತ್ತದೆ. ಡಾನಾದಲ್ಲೂ ಫೋರ್ಡ್ 8.8ರಲ್ಲೂ ಹೀಗೇ. ಸರಿಯಾದ ಶಿಮ್ ಒಂದೇ ಸಲಕ್ಕೆ ಸಿಗುವುದು ಅಪರೂಪ, ನಾಲ್ಕೈದು ಸಲ ಬೇರಿಂಗ್ ಹಾಕಿ ತೆಗೆಯಬೇಕಾಗುತ್ತದೆ. ಅದಕ್ಕೆ ಒಂದು ಉಪಾಯ: ಹಳೆ ಬೇರಿಂಗ್ ಬಿಸಾಡಬೇಡಿ. ಅದರ ಒಳಮೈ ಸ್ವಲ್ಪ ತೀಡಿ ಸಡಿಲ ಮಾಡಿಕೊಂಡರೆ ಪ್ರೆಸ್ ಇಲ್ಲದೆ ಕೈಯಲ್ಲೇ ಹಾಕಿ ತೆಗೆಯಬಹುದು. ಶಿಮ್ ನಿಗದಿಯಾದ ಮೇಲೆ ಹೊಸ ಬೇರಿಂಗ್ ಪ್ರೆಸ್ ಮಾಡಿ. ಪ್ರೆಸ್ ಮಾಡುವಾಗ ಒತ್ತಡ ಒಳ ರೇಸ್ ಮೇಲೆ ಮಾತ್ರ ಬೀಳಬೇಕು, ರೋಲರ್ ಇರುವ ಗೂಡಿನ ಮೇಲೆ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಹಾಳು.

ಈ ಪರೀಕ್ಷೆಯ ಹಂತದಲ್ಲಿ ಕ್ರಶ್ ಸ್ಲೀವ್ (ಪಿನಿಯನ್ನಿನ ಎರಡು ಬೇರಿಂಗ್ ನಡುವೆ ಕೂತು, ಬಿಗಿ ಮಾಡಿದಾಗ ಮುದುಡುವ ಕೊಳವೆ) ಹಾಕಬೇಡಿ, ಹಳೆ ನಟ್‌ನಲ್ಲೇ ಪಿನಿಯನ್ ಆಡದಷ್ಟು ಬಿಗಿ ಮಾಡಿದರೆ ಸಾಕು.

ಮುಂದೆ ಬ್ಯಾಕ್‌ಲ್ಯಾಷ್. ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ ಅದು. ಪಿನಿಯನ್ ಅಲುಗಾಡದಂತೆ ಹಿಡಿದು ಕ್ರೌನ್ ವೀಲ್ ಹಲ್ಲಿನ ಮೇಲೆ ಡಯಲ್ ಗೇಜ್ ಇಟ್ಟು ಹಿಂದೆ ಮುಂದೆ ಆಡಿಸಿ. ಹೆಚ್ಚಿನ ಆಕ್ಸಲ್‌ಗಳಿಗೆ 0.15ರಿಂದ 0.25 ಮಿ.ಮೀ. ಒಳಗೆ ಬರಬೇಕು, ಅಂದರೆ 0.006ರಿಂದ 0.010 ಇಂಚು. ಸುತ್ತಲೂ ಮೂರು ನಾಲ್ಕು ಕಡೆ ಅಳೆಯಿರಿ. ಕಡೆಯಿಂದ ಕಡೆಗೆ ತುಂಬಾ ವ್ಯತ್ಯಾಸ ಬಂದರೆ ಕ್ರೌನ್ ವೀಲ್ ಓರೆಯಾಗಿ ಕೂತಿದೆ, ಕೆಳಗೆ ಕೊಳೆ ಸಿಕ್ಕಿಕೊಂಡಿರುತ್ತದೆ. ಬ್ಯಾಕ್‌ಲ್ಯಾಷ್ ಬದಲಿಸಲು ಕ್ಯಾರಿಯರ್‌ನ ಒಂದು ಬದಿಯ ಶಿಮ್ ತೆಗೆದು ಅಷ್ಟೇ ದಪ್ಪದ್ದನ್ನು ಇನ್ನೊಂದು ಬದಿಗೆ ಹಾಕಬೇಕು, ಒಟ್ಟು ದಪ್ಪ ಬದಲಾಗಬಾರದು. 0.10 ಮಿ.ಮೀ. ಶಿಮ್ ಆಚೆಗೆ ಹಾಕಿದರೆ ಬ್ಯಾಕ್‌ಲ್ಯಾಷ್ ಸುಮಾರು 0.07 ಮಿ.ಮೀ. ಬದಲಾಗುತ್ತದೆ, ಈ ಲೆಕ್ಕ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ.

ಈಗ ಪೇಸ್ಟ್. ಕ್ರೌನ್ ವೀಲ್‌ನ ಮೂರು ನಾಲ್ಕು ಹಲ್ಲಿಗೆ ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ. ಒಬ್ಬರು ಕ್ರೌನ್ ವೀಲ್‌ಗೆ ಮರದ ತುಂಡು ಒತ್ತಿ ತಡೆ ಕೊಡಲಿ, ಇನ್ನೊಬ್ಬರು ಪಿನಿಯನ್ ತಿರುಗಿಸಲಿ. ತಡೆ ಇಲ್ಲದೆ ತಿರುಗಿಸಿದರೆ ಪೇಸ್ಟ್ ಮೇಲೆ ಪಿನಿಯನ್ ಹಲ್ಲು ಮೂಡಿಸುವ ಅಚ್ಚು ಮಸುಕಾಗಿ ಬೀಳುತ್ತದೆ, ಏನೂ ಗೊತ್ತಾಗುವುದಿಲ್ಲ.

ಮೊದಲು ಅಚ್ಚು ಹಲ್ಲಿನ ಬುಡದ ಕಡೆ ಇದೆಯಾ ತುದಿಯ ಕಡೆ ಇದೆಯಾ ಅಷ್ಟೇ ನೋಡಿ. ಅಚ್ಚು ಹಲ್ಲಿನ ಬುಡದಲ್ಲಿ ಬಿದ್ದಿದ್ದರೆ ಪಿನಿಯನ್ ತುಂಬಾ ಹತ್ತಿರ ಹೋಗಿದೆ, ಶಿಮ್ ಕಡಿಮೆ ಮಾಡಿ. ಹಲ್ಲಿನ ತುದಿಯಲ್ಲಿ ಬಿದ್ದಿದ್ದರೆ ದೂರ ಇದೆ, ಶಿಮ್ ಹೆಚ್ಚಿಸಿ. ನಡುವೆ ಬರುವವರೆಗೆ ಬದಲಿಸುತ್ತಾ ಹೋಗಬೇಕು. ಶುರುವಿನಲ್ಲಿ 0.13 ಮಿ.ಮೀ. ಹೆಜ್ಜೆ ಹಾಕಿ, ಹತ್ತಿರ ಬಂದ ಮೇಲೆ ಅದರ ಅರ್ಧ. ಪಿನಿಯನ್ ಸರಿಸಿದ ಪ್ರತಿ ಸಲ ಬ್ಯಾಕ್‌ಲ್ಯಾಷ್ ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಸರಿ ಮಾಡಿದ ಮೇಲೇ ಮುಂದಿನ ಅಚ್ಚು ನೋಡಿ. ಹಲ್ಲಿನ ಉದ್ದಕ್ಕೆ ಅಚ್ಚು ಒಳಗೆ ಅಥವಾ ಹೊರಗೆ ಸರಿದಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂಚಿನಿಂದ ಆಚೆ ಹೋಗಬಾರದು, ಅಚ್ಚಿನ ಗಡಿ ಚೂರಿಯಲ್ಲಿ ಕತ್ತರಿಸಿದಂತೆ ಇರಬಾರದು, ನಿಧಾನಕ್ಕೆ ಮಸುಕಾಗಬೇಕು. ಬ್ಯಾಕ್‌ಲ್ಯಾಷ್ ಸಂಖ್ಯೆಗಳು ಎಷ್ಟೇ ಚೆನ್ನಾಗಿ ಬಂದಿರಲಿ, ಅಚ್ಚು ಕೆಟ್ಟಿದ್ದರೆ ಆ ಗೇರ್ ಕೂಗುತ್ತದೆ. ಅಚ್ಚಿನ ಮಾತೇ ಕೊನೆಯ ಮಾತು.

ಹಳೆ ಗೇರ್ ಸೆಟ್ ಇನ್ನೊಂದು ಗಾಡಿಯಿಂದ ತಂದು ಹಾಕುವವರಿಗೆ: ಅವು ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ. ಬೇರೆ ಹೌಸಿಂಗ್‌ನಲ್ಲಿ ಸದ್ದಿಲ್ಲದೆ ಕೂರುವುದು ಕಷ್ಟ. ಕ್ರೌನ್ ಒಂದು ಕಡೆಯದ್ದು, ಪಿನಿಯನ್ ಇನ್ನೊಂದು ಕಡೆಯದ್ದು ಹಾಕುವುದಂತೂ ಬೇಡವೇ ಬೇಡ, ಅವು ಜೋಡಿಯಾಗಿಯೇ ತಯಾರಾಗುತ್ತವೆ.

ಅಚ್ಚು ಸರಿ ಬಂದ ಮೇಲೆ ಎಲ್ಲ ಬಿಚ್ಚಿ ಹೊಸ ಬೇರಿಂಗ್, ಹೊಸ ಆಯಿಲ್ ಸೀಲ್, ಕ್ರಶ್ ಸ್ಲೀವ್, ಹೊಸ ಪಿನಿಯನ್ ನಟ್ ಹಾಕಿ ಕೊನೆಯ ಜೋಡಣೆ. ಕ್ರಶ್ ಸ್ಲೀವ್ ಮುದುಡಲು ಭಾರಿ ಬಲ ಬೇಕು, 400 ನ್ಯೂಟನ್ ಮೀಟರ್ ಹತ್ತಿರ ಹೋಗಬಹುದು. ಯೋಕ್ ಹಿಡಿಯಲು ಉದ್ದನೆ ಕಬ್ಬಿಣದ ಪಟ್ಟಿಗೆ ತೂತು ಕೊರೆದು ಬೋಲ್ಟ್ ಮಾಡಿಕೊಳ್ಳಿ. ಮುದುಡಲು ಶುರುವಾದ ಮೇಲೆ ತುಂಬಾ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸಲ ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಳೆಯಿರಿ. ಹೊಸ ಬೇರಿಂಗ್‌ಗೆ ಸಾಮಾನ್ಯವಾಗಿ 1.7ರಿಂದ 3.4 ನ್ಯೂಟನ್ ಮೀಟರ್, ಓಡಿದ ಬೇರಿಂಗ್ ಆದರೆ ಅದರ ಅರ್ಧದಷ್ಟು. ಅಳತೆ ದಾಟಿತು ಅಂತ ನಟ್ ಸಡಿಲ ಮಾಡಿ ಸಂಖ್ಯೆ ಹೊಂದಿಸಬೇಡಿ. ಮುದುಡಿದ ಸ್ಲೀವ್ ಹಿಗ್ಗುವುದಿಲ್ಲ, ಹೊಸದು ಹಾಕಬೇಕು. ಅದಕ್ಕೇ ಎರಡು ಸ್ಲೀವ್ ತಂದಿಟ್ಟುಕೊಳ್ಳಿ.

ಕ್ಯಾರಿಯರ್ ಬೇರಿಂಗ್‌ಗೂ ಬಿಗಿತ ಬೇಕು. ಕೈಯಲ್ಲಿ ಸಲೀಸಾಗಿ ಒಳಗೆ ಹೋಯಿತು ಅಂದರೆ ಶಿಮ್ ಕಡಿಮೆ ಇದೆ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸುವಷ್ಟಿರಬೇಕು. ಹೌಸಿಂಗ್ ಅಗಲಿಸುವ ಸಾಧನ ಬಳಸುವುದಾದರೆ ಅರ್ಧ ಮಿಲಿಮೀಟರ್ ಕೂಡ ಅಗಲಿಸಬಾರದು, ಬಾಗಿದ ಎರಕ ವಾಪಸ್ ಬರುವುದಿಲ್ಲ.

ವೆಲ್ಡಿಂಗ್ ಮತ್ತು ಪಿನಿಯನ್ ಕೋನ

ಒಳಗಿನದ್ದು ಮಾತ್ರ ಬದಲಿಸಿದವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಬೇರೆ ಆಕ್ಸಲ್ ಹಾಕುವವರು ಹಳೆ ಬ್ರ್ಯಾಕೆಟ್‌ಗಳನ್ನು ಗ್ರೈಂಡರ್‌ನಿಂದ ಕತ್ತರಿಸುವಾಗ ಟ್ಯೂಬ್‌ಗೆ ಗಾಯ ಮಾಡಬೇಡಿ. ಹೊಸ ಪರ್ಚ್‌ಗಳನ್ನು (ಸ್ಪ್ರಿಂಗ್ ಕೂರುವ ತಟ್ಟೆಗಳು) ಮೊದಲು ವೆಲ್ಡ್ ಮಾಡಬೇಡಿ, ಸುಮ್ನೆ ಸ್ಪ್ರಿಂಗ್ ಮತ್ತು ಟ್ಯೂಬ್ ನಡುವೆ ಇಟ್ಟು, ಯು-ಬೋಲ್ಟ್ ಸಡಿಲವಾಗಿ ಹಾಕಿ, ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಇಳಿಸಿ. ಆಗ ಕೋನ ಹೊಂದಿಸಿ. ಗಾಳಿಯಲ್ಲಿ ತೂಗಾಡುವ ಆಕ್ಸಲ್‌ಗೆ ಹೊಂದಿಸಿದ ಕೋನ ನೆಲಕ್ಕೆ ಬಂದಾಗ ಬೇರೆಯೇ ಆಗಿರುತ್ತದೆ.

ಕೋನ ಎಷ್ಟು? ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ತುದಿಗೆ ಒಂದೊಂದೇ ಯು-ಜಾಯಿಂಟ್ ಇದ್ದರೆ, ಟ್ರಾನ್ಸ್‌ಫರ್ ಕೇಸ್ ಶಾಫ್ಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರ ಇರಬೇಕು. ಒಂದು ಜಾಯಿಂಟ್ ಹುಟ್ಟಿಸುವ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಜಾಯಿಂಟ್, ಅಂದರೆ ಡಬಲ್ ಕಾರ್ಡನ್ ಇದ್ದರೆ ಪಿನಿಯನ್ ನೇರವಾಗಿ ಶಾಫ್ಟ್ ಕಡೆಗೆ ಮುಖ ಮಾಡಬೇಕು, ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗೆ. ಎಕ್ಸಲರೇಟರ್ ಒತ್ತಿದಾಗ ಪಿನಿಯನ್ ಮೂಗು ಮೇಲಕ್ಕೆ ಏಳುತ್ತದೆ, ಆ ಒಂದೆರಡು ಡಿಗ್ರಿ ಅದಕ್ಕೆ ಬಿಟ್ಟ ಜಾಗ. ತಪ್ಪಾದರೆ ಗಾಡಿ ನಡುಗುತ್ತದೆ, ಯು-ಜಾಯಿಂಟ್ ಬೇಗ ಹೋಗುತ್ತದೆ.

ಟ್ಯಾಕ್ ಹಾಕಿ, ಮತ್ತೊಮ್ಮೆ ಅಳೆದು, ಆಕ್ಸಲ್ ಹೊರತೆಗೆದು ಪೂರ್ತಿ ವೆಲ್ಡ್ ಮಾಡಿ. ಗಾಡಿ ಮೇಲೆಯೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಬಿಚ್ಚಿ. ಒಂದಿಂಚು ಎಡಕ್ಕೆ, ಒಂದಿಂಚು ಬಲಕ್ಕೆ, ನಡುವೆ ತಣಿಯಲು ಬಿಡಿ. ಒಂದೇ ಉಸಿರಿಗೆ ಎಳೆದರೆ ಟ್ಯೂಬ್ ಬಾಗುತ್ತದೆ, ಬಾಗಿದ ಟ್ಯೂಬ್‌ನಲ್ಲಿ ಶಾಫ್ಟ್ ಸೀಲ್‌ಗಳನ್ನು ತಿಂದುಹಾಕುತ್ತದೆ. 8.8ರಂಥವುಗಳಲ್ಲಿ ಟ್ಯೂಬನ್ನು ನಡುವಿನ ಎರಕಕ್ಕೆ ಒತ್ತಿ ಕೂರಿಸಿ ಅಲ್ಲಲ್ಲಿ ಮಾತ್ರ ವೆಲ್ಡ್ ಹಾಕಿರುತ್ತಾರೆ, ಜೋರು ಬಲಕ್ಕೆ ಟ್ಯೂಬ್ ಎರಕದೊಳಗೇ ತಿರುಗಬಹುದು. ಸುತ್ತಲೂ ವೆಲ್ಡ್ ಮಾಡಿಸುವುದು ಒಳ್ಳೆಯದು. ಆದರೆ ಎರಕಕ್ಕೆ ಉಕ್ಕು ಬೆಸೆಯಲು ಮೊದಲೇ ಬಿಸಿ ಮಾಡಿ, ನಿಕಲ್ ರಾಡ್ ಬಳಸಿ, ನಿಧಾನಕ್ಕೆ ತಣಿಸಬೇಕು. ಕೈ ಪಳಗಿದ ವೆಲ್ಡರ್‌ಗೇ ಬಿಡಿ.

ಬ್ರೇಕ್, ಬ್ರೀದರ್, ಯು-ಬೋಲ್ಟ್

ಡ್ರಮ್ ಇದ್ದ ಕಡೆ ಡಿಸ್ಕ್ ಬಂದರೆ ಹಿಂದೆ ಮುಂದೆ ಬ್ರೇಕ್ ಹಂಚಿಕೆ ಬದಲಾಗುತ್ತದೆ. ಗಾಳಿ ತೆಗೆದು ಬ್ಲೀಡ್ ಮಾಡಿದ ಮೇಲೆ, ಖಾಲಿ ಬಯಲಿನಲ್ಲಿ ನಿಧಾನ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ ನೋಡಿ. ಹಿಂದಿನ ಚಕ್ರ ಮುಂದಿನದ್ದಕ್ಕಿಂತ ಮೊದಲು ಲಾಕ್ ಆಗಬಾರದು. ಹಾಗೆ ಆದರೆ, ಹಿಂದಿನ ಬ್ರೇಕ್ ಒತ್ತಡ ತಗ್ಗಿಸಲು ಹೊಂದಿಸಬಲ್ಲ ಪ್ರೊಪೋರ್ಷನಿಂಗ್ ವಾಲ್ವ್ ಬೇಕು.

ಒಂದು ಬದಿ ಪೂರ್ತಿ ಎತ್ತಿ, ಇನ್ನೊಂದು ಪೂರ್ತಿ ಇಳಿಬಿಟ್ಟು ಬ್ರೇಕ್ ಹೋಸ್ ಎಳೆದುಕೊಳ್ಳುತ್ತದಾ, ಪ್ರೊಪೆಲ್ಲರ್ ಶಾಫ್ಟ್‌ನ ಜಾರುವ ತುದಿ ಕಳಚುವಷ್ಟು ಹೊರಬರುತ್ತದಾ, ಟೈರ್ ಎಲ್ಲಾದರೂ ಉಜ್ಜುತ್ತದಾ ಅಂತ ನೋಡಿ.

ಡಿಫ್ ಒಳಗೆ ಗಾಳಿ ಆಡಲು ಇರುವ ಬ್ರೀದರ್ ಪೈಪನ್ನು ಉದ್ದ ಮಾಡಿ ಎತ್ತರದಲ್ಲಿ ಕಟ್ಟಿ. ಓಡಿ ಬಿಸಿಯಾದ ಡಿಫ್ ತಣ್ಣನೆ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದ್ದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಬಾಯಿ ನೀರಲ್ಲಿದ್ದರೆ ನೀರೇ ಒಳಗೆ.

ಯು-ಬೋಲ್ಟ್ ಹಳೆಯದನ್ನು ಮತ್ತೆ ಹಾಕಬೇಡಿ, ಒಮ್ಮೆ ಬಿಗಿ ಮಾಡಿದಾಗ ಹಿಗ್ಗಿರುತ್ತದೆ. ಹೊಸದು ಹಾಕಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ.

ಎಣ್ಣೆ ಹಾಕಿ ಓಡಿಸುವುದು

ಜಿಎಲ್-5 ದರ್ಜೆಯ ಗೇರ್ ಆಯಿಲ್, 75ಡಬ್ಲ್ಯೂ-90 ಅಥವಾ ಭಾರ ಎಳೆಯುವವರಿಗೆ 75ಡಬ್ಲ್ಯೂ-140. ತಯಾರಕರು ಬೇರೆ ಹೇಳಿದ್ದರೆ ಅದೇ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಆದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ, ಇಲ್ಲದಿದ್ದರೆ ತಿರುವಿನಲ್ಲಿ ನಡುಗುತ್ತದೆ. ಪಿನಿಯನ್ ಮೂಗು ಮೇಲಕ್ಕೆ ಎತ್ತಿರುವವರು ಎಣ್ಣೆ ಮಟ್ಟವನ್ನು ಮತ್ತೆ ಯೋಚಿಸಬೇಕು. ಎಣ್ಣೆ ತುಂಬುವ ತೂತಿನ ಅಂಚಿನವರೆಗೆ ತುಂಬಿದರೂ ಮುಂದಿನ ಪಿನಿಯನ್ ಬೇರಿಂಗ್‌ಗೆ ಸಾಕಾಗದೆ ಹೋಗಬಹುದು.

ಹೊಸ ಗೇರ್ ಮೊದಲ ಓಟದಲ್ಲೇ ಸುಟ್ಟುಹೋಗುವುದು ಉಂಟು. ಹದಿನೈದು ಇಪ್ಪತ್ತು ನಿಮಿಷ ಸಾಧಾರಣ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಇದನ್ನು ಕೆಲವು ಸಲ ಮಾಡಿ. ಮೊದಲ 800 ಕಿಲೋಮೀಟರ್ ಟ್ರೈಲರ್ ಎಳೆಯುವುದು, ಬಂಡೆ ಹತ್ತಿಸುವುದು, ಹೆದ್ದಾರಿಯಲ್ಲಿ ಒಂದೇ ಸಮನೆ ಜೋರಾಗಿ ಓಡಿಸುವುದು ಬೇಡ. ಅಷ್ಟು ಆದ ಮೇಲೆ ಎಣ್ಣೆ ಬದಲಿಸಿ. ಸ್ಪೀಡೋಮೀಟರ್ ಕೂಡ ಈ ನಡುವೆ ಸರಿ ಮಾಡಿಸಿಕೊಳ್ಳಿ, ಟೈರು ಮತ್ತು ರೇಶಿಯೋ ಎರಡೂ ಬದಲಾಗಿರುವಾಗ ಅದು ತೋರಿಸುವುದು ಸುಳ್ಳಿರಬಹುದು.

ಈ ದಿನಗಳಲ್ಲಿ ರೇಡಿಯೋ ಆಫ್ ಮಾಡಿ ಕಿವಿ ಕೊಡಿ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಗುಂಯ್ ಅಂದರೆ ಹಲ್ಲಿನ ಮುಂದೂಡುವ ಮುಖದ ಅಚ್ಚು ಸರಿ ಇಲ್ಲ, ಪಿನಿಯನ್ ಆಳ ಮತ್ತೆ ನೋಡಬೇಕು. ಕಾಲು ತೆಗೆದಾಗ ಮಾತ್ರ ಕೂಗಿದರೆ ಪಿನಿಯನ್ ಬೇರಿಂಗ್ ಬಿಗಿತ ಸಡಿಲಾಗಿದೆಯಾ ಅಂತ ಮೊದಲು ಪರೀಕ್ಷಿಸಿ. ಎಕ್ಸಲರೇಟರ್‌ಗೆ ಸಂಬಂಧವಿಲ್ಲದೆ ವೇಗಕ್ಕೆ ತಕ್ಕಂತೆ ಗುಡುಗುಡು ಅಂದರೆ ಚಕ್ರದ ಅಥವಾ ಕ್ಯಾರಿಯರ್ ಬೇರಿಂಗ್. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಒಂದೇ ಒಂದು ಟಕ್ ಅಂದರೆ ಯು-ಜಾಯಿಂಟ್ ನೋಡಿ, ಅದು ಸರಿ ಇದ್ದರೆ ಬ್ಯಾಕ್‌ಲ್ಯಾಷ್ ಅಳೆಯಿರಿ. ಸದ್ದು ಬಂದ ಗೇರನ್ನು ಓಡುತ್ತಾ ಓಡುತ್ತಾ ಸರಿಯಾಗುತ್ತದೆ ಅಂತ ಬಿಡಬೇಡಿ. ಅದು ಸರಿಯಾಗುವುದಿಲ್ಲ, ಎಣ್ಣೆ ಇಳಿಸಿ ಕವರ್ ತೆಗೆಯಿರಿ.